ನೀರು ಕೆತ್ತಿದ ಕಲ್ಲು

ಆ ಕಲ್ಲನ್ನು ನಾನು ಮೊದಲು ನೋಡಿದಾಗ ಅದರ ಗುಳಿಯಲ್ಲಿ ಬೊಗಸೆ ನೀರು ನಿಂತಿತ್ತು, ಎರಡು ಗುಬ್ಬಿಗಳು ಕುಡಿಯುತ್ತಿದ್ದವು. ಕೆರೆಯ ಮೆಟ್ಟಿಲ ಪಕ್ಕದಲ್ಲಿ ಓರೆಯಾಗಿ ಬಿದ್ದಿದ್ದ ಕರಿಕಲ್ಲು. ಮಲಗಿದ ಕರುವಿನ ಬೆನ್ನಿನ ಹಾಗೆ ಅದರ ಮೈ ನುಣ್ಣಗೆ ಇಳಿದಿತ್ತು. ಹೊತ್ತು ಹೋದದ್ದೇ ತಿಳಿಯದೆ ಅದನ್ನು ಸವರುತ್ತ ಕೂತೆ.

ನಾನು ಆಗ ಹೆಸರು ಮಾಡಿದ ಶಿಲ್ಪಿ. ವಿಗ್ರಹ ಕೆತ್ತುವ ಮನೆತನದಲ್ಲಿ ಹುಟ್ಟಿದರೂ ಬಸವನಹುಳುವಿನ ಚಿಪ್ಪು, ಹುಣಸೆ ಬೀಜ, ಗಾಳಿಗೆ ಬಾಗಿದ ತೆನೆ ಇಂಥವನ್ನೇ ಕೆತ್ತುತ್ತಿದ್ದೆ. ಪ್ರಕೃತಿಗಿಂತ ದೊಡ್ಡ ಶಿಲ್ಪಿ ಇಲ್ಲ ಎಂದು ಕೂತಲ್ಲಿ ನಿಂತಲ್ಲಿ ಹೇಳುತ್ತಿದ್ದೆ. ಹೇಳಿ ಹೇಳಿ ಅದು ನನ್ನ ತಲೆಗೇ ಏರಿತ್ತು. ಊರಿನ ಉದ್ಯಾನಕ್ಕೊಂದು ಶಿಲ್ಪ ಬೇಕೆಂದು ಪುರಸಭೆಯವರು ಕೇಳಿದಾಗ, ಈ ಕಲ್ಲನ್ನೇ ಎತ್ತಿ ನಿಲ್ಲಿಸಿದರೆ ಸಾಕು, ಉಳಿ ಮುಟ್ಟಿಸುವುದೇ ಬೇಡ ಎಂದುಬಿಟ್ಟೆ.

"ಆಚಾರ್ರೇ, ಅದು ನಾವು ಬಟ್ಟೆ ಒಗೆಯೋ ಕಲ್ಲು," ಎಂದಳು ಮಾಚಮ್ಮ. ಊರಿನ ಅರ್ಧ ಮನೆಗಳ ಬಟ್ಟೆ ಒಗೆಯುತ್ತಿದ್ದವಳು ಅವಳು.

"ನಿನಗೆ ಹೊಸದು ಕೊಡ್ತೀನಿ ತಾಯಿ, ನಾನೇ ಕೈಯಾರೆ ಮಾಡಿ."

"ಹೊಸ ಕಲ್ಲು ಬಟ್ಟೆ ತಿನ್ನುತ್ತೆ."

"ನಾನು ನಯ ಮಾಡಿದ ಕಲ್ಲು ಬಟ್ಟೆ ತಿನ್ನುತ್ತಾ?" ಎಂದು ನಕ್ಕೆ. ಅವಳು ನಗಲಿಲ್ಲ. ಕೆರೆಯಂಗಳ ಪುರಸಭೆಯದು, ಕಲ್ಲೂ ಪುರಸಭೆಯದೇ ಎಂದು ಅಧ್ಯಕ್ಷರು ಮಾತು ಮುಗಿಸಿದರು. ಎಂಟು ಜನ ಹಾರೆ ಹಾಕಿ ಅದನ್ನು ಗಾಡಿಗೇರಿಸಿದರು. ಅದರ ಜಾಗದಲ್ಲಿ ನಾನು ಮಾಡಿದ ಹೊಸ ಕಲ್ಲು ಕೂತಿತು. ಹಳೆಯದು ಉದ್ಯಾನದಲ್ಲಿ ನೆಟ್ಟಗೆ ನಿಲ್ಲಲೆಂದು ನಾನು ಅದರ ಬುಡದಲ್ಲಿ ಒಂದು ಮೊಳ ಕತ್ತರಿಸಿದೆ, ತೂತು ಕೊರೆದು ಕಬ್ಬಿಣದ ಸಲಾಕೆ ಇಳಿಸಿ ಸಿಮೆಂಟು ಹಾಕಿಸಿದೆ. ಉಳಿ ಮುಟ್ಟಿಸುವುದಿಲ್ಲ ಎಂದವನು ನಾನೇ.

ಉದ್ಘಾಟನೆಯ ದಿನ ಊರಿಗೆ ಊರೇ ಬಂದು ಕಲ್ಲನ್ನು ಮುಟ್ಟಿ ಮುಟ್ಟಿ ನೋಡಿತು. ಫಲಕದಲ್ಲಿ ನನ್ನ ಹೆಸರು, ಅದರ ಕೆಳಗೆ 'ನೀರು ಕೆತ್ತಿದ ಕಲ್ಲು' ಎಂಬ ಬರಹ. ಕಲ್ಲು ನೆಟ್ಟಗೆ ನಿಂತಿದ್ದರಿಂದ ಮಳೆ ಬಂದರೂ ಈಗ ಆ ಗುಳಿಯಲ್ಲಿ ನೀರು ನಿಲ್ಲುತ್ತಿರಲಿಲ್ಲ, ಗುಬ್ಬಿಗಳೂ ಬರುತ್ತಿರಲಿಲ್ಲ. ಅದನ್ನು ಯಾರೂ ಗಮನಿಸಲಿಲ್ಲ, ನಾನೂ ಗಮನಿಸಲಿಲ್ಲ.

ಮೂರು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಮಾಚಮ್ಮ ಉದ್ಯಾನಕ್ಕೆ ಬಂದಳು. ನಾನು ಪರವೂರಿನವರೊಬ್ಬರಿಗೆ ಶಿಲ್ಪದ ವಿಷಯ ಹೇಳುತ್ತಿದ್ದೆ. ಅವರು ಹೋಗುವವರೆಗೂ ದೂರ ನಿಂತಿದ್ದವಳು ಹತ್ತಿರ ಬಂದು, "ಮುಟ್ಟಬಹುದಾ?" ಎಂದಳು.

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ಅವಳು ಗುಳಿಯಲ್ಲಿ ಅಂಗೈ ಇಟ್ಟಳು.

"ಇದು ನಮ್ಮತ್ತೆ ಒಗೆದಿದ್ದು. ಎಡಚಿ ಅವರು, ಅದಕ್ಕೇ ಈ ಕಡೆ ಜಾಸ್ತಿ ಸವೆದಿರೋದು. ಇತ್ಲಾಗೆ ನಾನು. ನಾನು ಮದುವೆಯಾಗಿ ಬಂದಾಗ ಇಲ್ಲೆಲ್ಲ ತರಿತರಿ ಇತ್ತು." ಆಮೇಲೆ ಫಲಕದ ಕಡೆ ತಿರುಗಿದಳು. ಅವಳಿಗೆ ಓದು ಬಾರದು. "ಇಲ್ಲೇನು ಬರೆದೈತೆ?"

"ಕಲ್ಲಿನ ಹೆಸರು," ಎಂದೆ. ನೀರು ಕೆತ್ತಿದ್ದು ಎಂದು ಬರೆಸಿದ್ದನ್ನು ಮಾತ್ರ ಓದಿ ಹೇಳಲಿಲ್ಲ.

"ವಾಪಸ್ಸು ಕೊಡಿ ಆಚಾರ್ರೇ. ಹೊಸ ಕಲ್ಲಲ್ಲಿ ಆರು ಸೀರೆ ಹರಿದೋದ್ವು. ನಾಕು ಮನೆಯವರು ಬಟ್ಟೆ ಹಾಕೋದೇ ಬಿಟ್ರು."

"ಬುಡ ಕತ್ತರಿಸಿಬಿಟ್ಟಿದೀನಿ, ಮಾಚಮ್ಮ. ಇನ್ನು ಅದು ಅಲ್ಲಿ ಕೂರಲ್ಲ."

"ಓ," ಎಂದಳು, ಅಷ್ಟೇ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮರುದಿನದಿಂದ ಎಂಟು ದಿನ ಕೆರೆಯಲ್ಲಿ ಕೂತು ಹೊಸ ಕಲ್ಲನ್ನು ಉಜ್ಜಿದೆ. ನನ್ನ ಕಣ್ಣಿಗೆ ಅದು ಕನ್ನಡಿಯಾಗಿತ್ತು. ಅವಳು ಒದ್ದೆ ಸೀರೆ ಹಾಸಿ ಎಳೆದರೆ ಮಾತ್ರ ಎಲ್ಲೋ ಒಂದು ಎಳೆ ಸಿಕ್ಕಿಕೊಳ್ಳುತ್ತಿತ್ತು. "ಉಜ್ಜಿದ್ರೆ ಆಗಲ್ಲ, ಒಗೆದೇ ಸವೀಬೇಕು," ಎಂದಳು. ಸರಿ, ನನ್ನ ಪಂಚೆಗಳನ್ನೇ ತಂದು ಒಗೆಯತೊಡಗಿದೆ. "ಹಾಗಲ್ಲ, ಪೆಟ್ಟು ಸೊಂಟದಿಂದ ಬರಬೇಕು," ಎಂದು ತೋರಿಸಿಕೊಟ್ಟಳು. ಭುಜ ಊದಿಕೊಂಡು, ಮೂರನೆಯ ಪಂಚೆ ಹರಿದ ದಿನ ನಾನು ಹೋಗುವುದನ್ನು ನಿಲ್ಲಿಸಿದೆ. ಅವಳು ನಿಲ್ಲಿಸುವಂತಿರಲಿಲ್ಲ.

ಫಲಕ ಬದಲಿಸಬೇಕು, ಆ ಕಲ್ಲನ್ನು ಸವೆಸಿದವರು ಅತ್ತೆ ಸೊಸೆ ಇಬ್ಬರು ಎಂದು ಪುರಸಭೆಗೆ ಅರ್ಜಿ ಬರೆದೆ. ಬರೆದದ್ದನ್ನು ಕೊಡಲಿಲ್ಲ. ಇದ್ದ ಹೆಸರು ಹೋಗುತ್ತದಲ್ಲ ಎಂಬ ಭಯ. ಹೇಡಿತನವೆಂದರೆ ಇದೇ. ಇಂದಿಗೂ ಅದನ್ನು ನೆನೆದರೆ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಬಹಳ ದಿನಗಳ ಮೇಲೆ ಒಂದು ಸಂಜೆ ಕೆರೆಯ ಕಡೆ ಹೋದೆ. ಒಣಗಿದ ಬಟ್ಟೆಗಳ ಗಂಟು ಬಿಚ್ಚಿಕೊಂಡು ಮಾಚಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಯಾರದೋ ಮನೆಯ ರವಿಕೆಯ ತೋಳು ಹರಿದಿತ್ತು. ಮನೆಗಳಿಗೆ ಮುಟ್ಟಿಸುವ ಮೊದಲು ಹರಿದದ್ದನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ನಾನು ಏನೋ ಹೇಳಬೇಕೆಂದು ಹತ್ತಿರ ಕೂತೆ. ಅವಳು ತಲೆಯೆತ್ತದೆ ಸೂಜಿ ಮತ್ತು ದಾರವನ್ನು ನನ್ನ ಕಡೆ ಚಾಚಿದಳು.

"ಕಣ್ಣು ಕಾಣಲ್ಲ. ಪೋಣಿಸಿಕೊಡಿ ಆಚಾರ್ರೇ."

ಪೋಣಿಸಿ ಕೊಟ್ಟೆ. ಅವಳು ಬೆಳಕಿಗೆ ತಿರುಗಿ ಕೂತು, ತೋಳನ್ನು ಮೊಣಕಾಲ ಮೇಲೆ ಹರಡಿಕೊಂಡು, ಸಣ್ಣ ಸಣ್ಣ ಹೊಲಿಗೆ ಹಾಕುತ್ತ ಹೋದಳು.