ಮೂವತ್ತಮೂರು ಅಂಗುಲ

ಎದೆಯ ಕೂದಲು ಮತ್ತೆ ಸ್ಪ್ರಿಂಗಿಗೆ ಸಿಕ್ಕಿಕೊಂಡಿತು, ಚುರುಕ್ಕೆಂದಿತು, ಹನ್ನೊಂದು, ಹನ್ನೆರಡು — ಎಳೆದಮೇಲೆ ಮೆಲ್ಲಗೆ ಬಿಡಬೇಕು ಎಂದಿದ್ದ ಎದೆ ಹಿಗ್ಗಿಸುವ ಈ ಸ್ಪ್ರಿಂಗು ಮಾರಿದ ಚಿಕ್ಕಪೇಟೆಯ ಅಂಗಡಿಯವನು, ಮರದ ಹಿಡಿ ಹಿಡಿದು ಐದೂ ಸ್ಪ್ರಿಂಗುಗಳನ್ನು ಎಳೆದು ತೋರಿಸುವಾಗ ಅವನ ಕತ್ತಿನ ನರ ಉಬ್ಬಿತ್ತು, ದಿನಾ ಅರ್ಧ ಗಂಟೆ ಎಳೀರಿ ಸಾರ್, ಆರು ತಿಂಗಳಲ್ಲಿ ಹಳೇ ಷರಟು ಒಂದೂ ಹಿಡಿಯಲ್ಲ — ಆರು ತಿಂಗಳಾಯಿತು, ಹಳೆಯವು ಹಿಡಿಯುತ್ತಲೇ ಇವೆ, ಹೊಸವು ಮೂರು, ಗೂಟದಲ್ಲಿ ನೇತಾಡುತ್ತಿವೆ. ಕಿಟಕಿಯಲ್ಲಿ ಹಾಲಿನ ಬೈರಮ್ಮ, ಜರಗನಹಳ್ಳಿಯಿಂದ ಜಯನಗರದವರೆಗೆ ಬಿಂದಿಗೆ ಹೊತ್ತು ನಡೆದರೂ ಅವಳಿಗೆ ಏದುಸಿರಿಲ್ಲ, ಏನ್ ಸೋಮಿ, ಇವತ್ತೂ ಬೇಲಿ ತಂತಿ ಎಳೀತಾ ಇದ್ದೀರಾ, ನಮ್ಮ ತೋಟಕ್ ಬಂದು ನಾಕ್ ದಿನ ಬಾವಿ ನೀರು ಸೇದಿ, ಎದೆ ತಾನೇ ಅಗಲಾಯ್ತದೆ. ನಕ್ಕೆ, ಪಾತ್ರೆ ನೀಡಿದೆ, ಅವಳು ಹೋದಮೇಲೆ ಏನಾದರೂ ಅನ್ನಬಹುದಿತ್ತು ಅನಿಸಿತು, ಇಡೀ ದಿನಕ್ಕೆ ಅದೊಂದು ಮಾತಾಗುತ್ತಿತ್ತು. ಹದಿಮೂರು. ಸೋಮವಾರ ಅರಣ್ಯ ಇಲಾಖೆಯವರ ಅಳತೆ, ರೇಂಜರ್ ಕೆಲಸಕ್ಕೆ ಉಸಿರು ತುಂಬಿದ ಎದೆ ಮೂವತ್ತಮೂರು ಅಂಗುಲ ಇರಬೇಕು, ಹೋದ ವರ್ಷ ಮೂವತ್ತೊಂದೂವರೆಗೆ ನಿಂತೆ, ಬರುವ ವರ್ಷಕ್ಕೆ ವಯಸ್ಸು ಮೀರುತ್ತದೆ, ಆಮೇಲೆ ಇದೇ ಗುಮಾಸ್ತಗಿರಿ, ಸುತ್ತ ಖಾಲಿ ಸೈಟುಗಳು, ಇದೇ ಕೋಣೆ. ಸೇತುರಾಮ ಪಾಸಾದ. ಈ ಕೋಣೆಯಲ್ಲೇ ಇಬ್ಬರೂ ಇದ್ದೆವು, ಭಾನುವಾರ ಟೇಪು ಹಿಡಿದು ಅವನು ನನ್ನದು, ನಾನು ಅವನದು, ಬಿಡಬೇಡ್ವೋ ಶಾಮಣ್ಣ, ಇನ್ನೂ ಎಳ್ಕೋ, ಎಳ್ಕೋ, ಥೂ, ನಗಿಸ್ಬೇಡ್ವೋ — ಈಗ ಅವನು ಯಾವುದೋ ಕಾಡಿನಲ್ಲಿ, ಕಾಗದಕ್ಕೆ ಉತ್ತರವಿಲ್ಲ, ಅವನ ಮಂಚವಿದ್ದ ಜಾಗದಲ್ಲಿ ನೆಲ ಮಾಸದೆ ಇನ್ನೂ ಕೆಂಪಗಿದೆ.

ಒಬ್ಬನೇ ಅಳೆದುಕೊಳ್ಳಲು ಆಗುವುದಿಲ್ಲ, ಉಸಿರು ಎಳೆದರೆ ಕೈ ಮೇಲೇಳುತ್ತದೆ, ಟೇಪು ಬೆನ್ನಲ್ಲಿ ಜಾರುತ್ತದೆ, ಮನೆಯ ಮಾಲೀಕರಾದ ಗಂಗಾಧರಯ್ಯನವರನ್ನು ಕೇಳೋಣವೆಂದರೆ, ಸ್ವಲ್ಪ ನನ್ನ ಎದೆಯ ಸುತ್ತ ಕೈ ಹಾಕಿ ಎಂದು ಯಾರನ್ನಾದರೂ ಹೇಗೆ ಕೇಳುವುದು — ಅದಕ್ಕೇ ಚನ್ನಬಸವಯ್ಯನ ಹೊಲಿಗೆ ಅಂಗಡಿ. ಕಣ್ಣು ಮುಚ್ಚಿ ಉಸಿರು ತುಂಬಿ ನಿಲ್ಲುತ್ತೇನೆ, ಬಿಡಿ ಸಾರ್ ಉಸಿರು, ಮದುವೆ ಗಂಡು ಫೋಟೋಗೆ ನಿಂತಂಗೆ ನಿಂತ್ರೆ ಹೆಂಗೆ, ಬಿಡುವುದಿಲ್ಲ, ಮೂವತ್ತಮೂರು ಎಂದು ಕೂಗಿದ. ಮೊದಲ ಸಲವೇ ಮೂವತ್ತಮೂರು, ಅಷ್ಟು ಸಾಕಿತ್ತು, ಆದರೂ ಇನ್ನೊಂದು ಷರಟು, ಅಳತೆ ಬರ್ಕೊಂಡಿದೀನಲ್ಲ ಸಾರ್, ಪರವಾಗಿಲ್ಲ ಮತ್ತೆ ತಗೊಳ್ಳಿ, ಮೂವತ್ತಮೂರೂ ಕಾಲು, ಆಮೇಲೆ ಇನ್ನೂ ಒಂದು ಷರಟು, ಮೂವತ್ತಮೂರೂವರೆ, ದಾರಿಯುದ್ದಕ್ಕೂ ಅದನ್ನೇ ಹೇಳಿಕೊಳ್ಳುತ್ತಾ ಬಂದೆ. ನಿನ್ನೆ ಷರಟು ತರಲು ಹೋದಾಗ ಬೇರೆ ಯಾರದೋ ಅಳತೆ ನಡೆದಿತ್ತು, ಕಣ್ಣು ಬಿಟ್ಟುಕೊಂಡು ನೋಡಿದ್ದು ಅದೇ ಮೊದಲು, ಟೇಪು ಬಿಗಿಯುವ ಮುಂಚೆ ಎರಡು ಬೆರಳು ಒಳಗೆ, ಟೇಪಿಗೂ ಎದೆಗೂ ನಡುವೆ. ಎಲ್ರಿಗೂ ಹಾಗೇನಾ? ಎಲ್ರಿಗೂ ಸಾರ್, ಎರಡು ಬೆರಳು ಸಡಿಲ ಬಿಡ್ದೆ ಹೊಲಿದ್ರೆ ಮನುಷ್ಯ ಉಸಿರಾಡೋದು ಬೇಡ್ವಾ. ಬೆರಳಿನ ಬಿಸಿ ಮೂರು ಸಲವೂ ತಿಳಿದಿತ್ತು, ಅದನ್ನು ಕಳೆಯಬೇಕೆಂದು ತಿಳಿದಿರಲಿಲ್ಲ. ಎರಡು ಬೆರಳೆಂದರೆ ಒಂದೂವರೆ ಅಂಗುಲ. ಅಲ್ಲಿಗೆ ಮೂವತ್ತೆರಡು. ಹದಿನಾಲ್ಕು — ಸ್ಪ್ರಿಂಗು ಕೆಳಗಿಟ್ಟೆ, ಎರಡು ದಿನದಲ್ಲಿ ಒಂದು ಅಂಗುಲ ಎಲ್ಲಿಂದ ಬರಬೇಕು, ಆದರೂ ನಿಜವಾದ ಅಳತೆ ತಿಳಿದುಕೊಂಡೇ ಹೋಗಬೇಕು, ಬೆರಳು ತೆಗೆದು ಅಳೆಯಿರಿ ಎಂದರೆ ಆಯಿತು, ಚಪ್ಪಲಿ ಮೆಟ್ಟಿದೆ, ಬಾಗಿಲು ಎಳೆದುಕೊಂಡೆ, ಅಂಗಡಿ ಆಗಲೇ ತೆರೆದಿದೆ, ಚನ್ನಬಸವಯ್ಯ ಕತ್ತಿನಿಂದ ಟೇಪು ತೆಗೆಯುತ್ತಾನೆ, ಇದೇನ್ ಸಾರ್ ಬಟ್ಟೆನೇ ತಂದಿಲ್ಲ, ಅಳತೆ ಮಾತ್ರ ಸಾಕು, ಸರಿ ಕೈ ಎತ್ತಿ, ಎತ್ತಿದೆ, ಅವನ ತೋಳು ಬೆನ್ನ ಸುತ್ತ ಬಂತು, ಬೀಡಿಯ ವಾಸನೆ, ಈಗ ಹೇಳಬೇಕು, ಬೆರಳು ತೆಗೆಯಿರಿ, ಈಗ, ಉಸಿರು ತುಂಬಿಕೊಂಡೆ, ಮಾತು ಅದರೊಳಗೇ ಉಳಿಯಿತು, ಟೇಪಿನ ಕೆಳಗೆ ಎರಡು ಬೆರಳು, ಅವನು ಏನೋ ಅಂಕಿ ಕೂಗಿದ, ಎರಡು ಬೆರಳು, ಬಿಸಿ, ಬಿಡಿ ಸಾರ್ ಉಸಿರು, ಬಿಡಲಿಲ್ಲ, ಎರಡು ಬೆರಳು —