ಲಿಫ್ಟ್ ಕಚೇರಿಯಲ್ಲಿ ರೋಬೋ ಅಕ್ಕ

ಅಕ್ಕ ಮದುವೆಯಾಗಿ ಹೋದ ಮೇಲೆ ಆ ಎರಡು ಕೋಣೆಗಳ ಮನೆಯಲ್ಲಿ ತಂಗಿಯೊಬ್ಬಳೇ ಉಳಿದಳು. ಅಕ್ಕನಿಗೆ ಆಗ ಐವತ್ತರ ಹತ್ತಿರ ವಯಸ್ಸು. ಅಷ್ಟು ವರ್ಷ ಬೇಡ ಬೇಡ ಎನ್ನುತ್ತಿದ್ದವಳು ಗಡಿಯಾರ ರಿಪೇರಿ ಮಾಡುವ ಒಬ್ಬ ಸಮಾಧಾನದ ಮನುಷ್ಯನನ್ನು ಮೆಚ್ಚಿಕೊಂಡು ಬೇರೆ ಊರಿಗೆ ಹೊರಟುಬಿಟ್ಟಳು. ತಂಗಿಗೆ ಸಂತೋಷವೇ ಆಗಿತ್ತು. ಆ ಸಂತೋಷವನ್ನು ಕೂತು ಹೇಳಿಕೊಳ್ಳಲು ಮಾತ್ರ ಮನೆಯಲ್ಲಿ ಇನ್ನೊಬ್ಬರಿರಲಿಲ್ಲ.

ಅದೇ ಹೊತ್ತಿಗೆ ಕೆಲಸವೂ ಹೋಗಿತ್ತು. ಕಂಪನಿಯವರು ಅವಳ ವಿಭಾಗವನ್ನೇ ಮುಚ್ಚಿದ್ದರು. ಕಚೇರಿಗಳಲ್ಲಿ ಜನ ದಿನವೂ ಕೈಯಾರೆ ಮಾಡುವ ಒಂದೇ ಬಗೆಯ ಕೆಲಸಗಳಿರುತ್ತವಲ್ಲ, ಇಲ್ಲಿ ಬಂದ ವಿವರವನ್ನು ಅಲ್ಲಿ ತುಂಬುವುದು, ಅದೇ ಸಂದೇಶವನ್ನು ಮತ್ತೆ ಮತ್ತೆ ಕಳಿಸುವುದು, ಅಂಥವನ್ನೆಲ್ಲ ಕಂಪ್ಯೂಟರ್ ತಾನಾಗಿಯೇ ಮಾಡಿಕೊಳ್ಳುವಂತೆ ಜೋಡಿಸಿಕೊಡುವುದು ಅವಳಿಗೆ ಗೊತ್ತಿದ್ದ ವಿದ್ಯೆ. ಇನ್ನು ಯಾರ ಕೈಕೆಳಗೂ ಬೇಡ, ಇದನ್ನೇ ಸ್ವಂತವಾಗಿ ಮಾಡೋಣ ಎಂದುಕೊಂಡು ‘ಆಟೊಮೇಶನ್ ಸಲಹೆಗಾರ್ತಿ’ ಎಂದು ಕಾರ್ಡ್ ಮಾಡಿಸಿದಳು. ಕೆಲಸ ಚೆನ್ನಾಗಿ ಬರುತ್ತಿತ್ತು. ಕೆಲಸ ಕೊಡುವವರನ್ನು ಹುಡುಕುವುದು ಬರುತ್ತಿರಲಿಲ್ಲ.

ಮೊದಲು ಇಮೇಲ್ ಕಳಿಸಿದಳು. ಬಾವಿಗೆ ಕಲ್ಲು ಹಾಕಿದರೆ ಸದ್ದಾದರೂ ಬರುತ್ತದೆ. ಇವಕ್ಕೆ ಅದೂ ಬರಲಿಲ್ಲ. ಆಮೇಲೆ ಬ್ಯಾಗು ಹೆಗಲಿಗೇರಿಸಿ ಬೀದಿ ಸುತ್ತತೊಡಗಿದಳು. ಡ್ರೈವಿಂಗ್ ಶಾಲೆಯವನು ಅವಳ ಮಾತನ್ನೆಲ್ಲ ಗಂಭೀರವಾಗಿ ಕೇಳಿಸಿಕೊಂಡು, “ನಮ್ಮಲ್ಲಿ ಆಗಲೇ ಎಲ್ಲ ಆಟೊಮ್ಯಾಟಿಕ್ಕೇ ಮೇಡಂ. ಗೇರ್ ಇರೋ ಕಾರು ಒಂದೇ ಒಂದು ಉಳ್ಕೊಂಡಿದೆ” ಎಂದ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ರೋಗಿಗಳ ಸಾಲಿನಲ್ಲೇ ಕೂರಿಸಿದರು. ಅವಳ ಸರದಿ ಬಂದು ಒಳಗೆ ಹೋದಾಗ ಡಾಕ್ಟರು ತಲೆಯೆತ್ತದೆ, “ಬಾಯಿ ತೆಗೀರಿ” ಎಂದರು. ಅಲ್ಲಿಂದ ಹೊರಬಂದು ಫುಟ್‌ಪಾತಿನಲ್ಲಿ ನಿಂತು ಅವಳು ನಕ್ಕಳು. ನಕ್ಕಾದ ಮೇಲೆ, ಇದನ್ನು ಮನೆಗೆ ಹೋಗಿ ಯಾರಿಗೆ ಹೇಳುವುದು ಎನಿಸಿ ನಗು ಅಲ್ಲೇ ಇಂಗಿಹೋಯಿತು.

ಮನೆಯಲ್ಲಿ ಮಾತೇ ಇಲ್ಲದೆ ದಿನಗಳು ಉರುಳುತ್ತಿದ್ದವು. ಫೋನ್ ಬಂದರೆ ಮೊದಲು ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಭಾನುವಾರ ಅಕ್ಕನ ಫೋನು. ಹಿಂದಿನಿಂದ ಭಾವನ ದನಿಯೂ ಬರುತ್ತಿತ್ತು.

“ನಿನ್ನ ತಂಗಿ ಏನ್ ಮಾಡ್ತಾಳೆ ಅಂತ ಇಲ್ಲಿ ಕೇಳ್ತಾರೆ ಕಣೇ. ನಾನು ಕಂಪ್ಯೂಟರ್ ಅಂದ್ಬಿಡ್ತೀನಿ” ಎನ್ನುತ್ತಿದ್ದಳು ಅಕ್ಕ.

“ಸಾಕು ಬಿಡು, ಅಷ್ಟೇ ಅನ್ನು.”

“ಊಟ ಸರಿಯಾಗಿ ಮಾಡ್ತಿದ್ದೀಯಾ?”

“ಹ್ಞೂಂ.”

ಅಲ್ಲಿಗೆ ಇಬ್ಬರಿಗೂ ಮಾತು ಮುಗಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಸಾಗಾಣಿಕೆ ಕಂಪನಿಯೊಂದನ್ನು ಕೇಳಿಬರೋಣ ಎಂದು ಎತ್ತರದ ಹಳೆಯ ಕಟ್ಟಡವೊಂದಕ್ಕೆ ಹೋದಳು. ಲಿಫ್ಟಿನಲ್ಲಿ ಅವಳೊಬ್ಬಳೇ ಇದ್ದಳು. ಎರಡು ಮಹಡಿಗಳ ನಡುವೆ ಲಿಫ್ಟು ಒಮ್ಮೆ ಅದುರಿ ನಿಂತುಬಿಟ್ಟಿತು. ದೀಪ ಇತ್ತು, ಫ್ಯಾನ್ ಇರಲಿಲ್ಲ. ಬಾಗಿಲು ಬಡಿದಳು, ಕೂಗಿದಳು. ಕೊನೆಗೆ ಕೆಂಪು ಗುಂಡಿ ಕಂಡಿತು, ಒತ್ತಿದಳು.

“ಹೆದರ್ಕೋಬೇಡಮ್ಮ,” ಎಂದಿತು ವಯಸ್ಸಾದ ಹೆಂಗಸಿನ ದನಿ. “ನಾವು ಲಿಫ್ಟ್ ರಿಪೇರಿಯವರು. ಮೆಕ್ಯಾನಿಕ್ ಹೊರಟಿದ್ದಾರೆ. ಬರೋವರೆಗೂ ನಾನು ಫೋನ್ ಇಡಲ್ಲ. ಎಷ್ಟು ಜನ ಇದ್ದೀರಾ ಒಳಗೆ?”

“ನಾನೊಬ್ಬಳೇ.”

“ಹಾಗಾದ್ರೆ ಆರಾಮಾಗಿ ನೆಲದ ಮೇಲೆ ಕೂತ್ಕೋ. ಸೀರೆನಾ ಪ್ಯಾಂಟಾ?”

“ಪ್ಯಾಂಟು.”

“ಇನ್ನೂ ಒಳ್ಳೇದು. ಏನು ಕೆಲಸ ನಿಂದು?”

ಅವಳು ಗೋಡೆಗೆ ಒರಗಿ ಕೂತು ಹೇಳಿದಳು. ತನ್ನ ಕೆಲಸ ಏನೆಂದು ಒಬ್ಬರು ಕೊನೆಯವರೆಗೂ ಕೇಳಿ ಅರ್ಥಮಾಡಿಕೊಂಡದ್ದು ಅದೇ ಮೊದಲು. ನಡುವೆ ಎದ್ದು ಹೋಗಲು ಇವಳಿಗೆ ದಾರಿಯಿರಲಿಲ್ಲ, ಫೋನ್ ಇಡುವಂತೆ ಆಕೆಗೂ ಇರಲಿಲ್ಲ. ಮಾತು ಕೆಲಸದಿಂದ ಅಕ್ಕನಿಗೆ, ಅಕ್ಕನಿಂದ ಭಾವನ ಗಡಿಯಾರಗಳಿಗೆ, ಹಲ್ಲಿನ ಡಾಕ್ಟರಿಗೆ ಹರಿಯಿತು. “ಬಾಯಿ ತೆಗೀರಿ ಅಂದ್ರಾ!” ಎಂದು ಆ ಕಡೆಯವಳು ಎಷ್ಟು ನಕ್ಕಳೆಂದರೆ ಪುಟ್ಟ ಸ್ಪೀಕರು ಗರಗರ ಎಂದಿತು.

ಮೆಕ್ಯಾನಿಕ್ ಬರುವುದು ತುಂಬ ತಡವಾಯಿತು. ಕೊನೆಗೂ ಬಾಗಿಲು ಬಿಡಿಸಿ ಕೈಕೊಟ್ಟು ಮೇಲೆಳೆದವನು ದೊಡ್ಡ ಮೀಸೆಯ, ಬೆವರಿನಲ್ಲಿ ತೊಯ್ದುಹೋಗಿದ್ದ ಮನುಷ್ಯ.

“ಕ್ಷಮಿಸಿ ಮೇಡಂ. ಇದೇ ಹೆಸರಿನ ಕಟ್ಟಡ ಊರಿನ ಆ ತುದೀಲಿ ಇನ್ನೊಂದಿದೆ. ಆಫೀಸಲ್ಲಿ ಬರೆದುಕೊಟ್ಟ ಚೀಟೀಲಿ ಹೆಸರಷ್ಟೇ ಇತ್ತು, ನಾನು ಅಲ್ಲಿಗೆ ಹೋಗಿ ಒದ್ದಾಡಿ ಬಂದೆ.”

ಅವಳಿಗೆ ಸಿಟ್ಟು ಬರಲಿಲ್ಲ. ಇಷ್ಟು ಬೇಗ ಬಂದನಲ್ಲ ಎಂದೇ ಅನಿಸಿತ್ತು. ಹಾಗೆ ಅನಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು.

ಸಾಗಾಣಿಕೆ ಕಂಪನಿಗೆ ಹೋಗದೆ ಅವಳು ಮರುದಿನ ನೇರವಾಗಿ ಲಿಫ್ಟ್ ರಿಪೇರಿ ಕಚೇರಿಗೇ ಹೋದಳು. ಟೈರ್ ಅಂಗಡಿಯ ಹಿಂದೆ ಒಂದು ಉದ್ದನೆಯ ಕೋಣೆ, ಗೋಡೆಗೆ ಒರಗಿಸಿಟ್ಟ ಉಕ್ಕಿನ ಹಗ್ಗದ ಸುರುಳಿಗಳು, ಗ್ರೀಸಿನ ವಾಸನೆ. ಫೋನಿನ ಮುಂದೆ ಕೂತಿದ್ದಾಕೆಯನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು. ದನಿ ಕೇಳುತ್ತಲೇ ಗುರುತು ಹತ್ತಿತು.

ಮಾಲೀಕ ಗಡಿಬಿಡಿಯ ಮನುಷ್ಯ. ಅವನಿಗೆ ಅವಳು ನಾಲ್ಕು ಮಾತಿನಲ್ಲಿ ವಿಷಯ ಹೇಳಿದಳು. “ಪ್ರತಿ ಲಿಫ್ಟಿನ ಫೋನಿಗೂ ಅದರದೇ ನಂಬರಿದೆ. ಯಾವ ನಂಬರಿಂದ ಕರೆ ಬಂತು ಅಂತ ಗೊತ್ತಾದ್ರೆ ಯಾವ ಲಿಫ್ಟು ಅಂತಾನೂ ಗೊತ್ತಾಗುತ್ತೆ. ಗುಂಡಿ ಒತ್ತಿದ ಕೂಡಲೇ ಹತ್ತಿರ ಇರೋ ಮೆಕ್ಯಾನಿಕ್ ಫೋನಿಗೆ ಸರಿಯಾದ ವಿಳಾಸ ಹೋಗೋ ಹಾಗೆ ಮಾಡಿಕೊಡ್ತೀನಿ. ಚೀಟಿ ಬರೆಯೋದೇ ಬೇಡ.”

“ಮತ್ತೆ ನಾನು ಮನೆಗೆ ಹೋಗ್ಬೇಕಾ?” ಎಂದು ದೊಡ್ಡಮ್ಮ ಅಲ್ಲಿಂದಲೇ ಕೇಳಿದಳು.

“ಇಲ್ಲ ದೊಡ್ಡಮ್ಮ. ಬರೆಯೋ ಕೆಲಸ ತಪ್ಪುತ್ತೆ, ಮಾತಾಡೋ ಕೆಲಸ ನಿಮ್ದೇ.”

ಮಾಲೀಕ ಒಪ್ಪಿದ. ಇಡೀ ಕೆಲಸಕ್ಕೆ ಒಂದೇ ಮೊತ್ತವೆಂದು ಮಾತಾಯಿತು. ಮನೆಯಲ್ಲೇ ಕೂತು ಮಾಡಬಹುದಾದ ಕೆಲಸ, ಆದರೂ ಅವಳು, “ಇಲ್ಲೇ ಕೂತು ಮಾಡ್ತೀನಿ, ನಿಮ್ಮ ಕೆಲಸ ಕಣ್ಣಾರೆ ನೋಡ್ಬೇಕು” ಎಂದಳು. ಕಾಲು ಅಲ್ಲಾಡುವ ಒಂದು ಕುರ್ಚಿ ಸಿಕ್ಕಿತು.

ಆ ಕುರ್ಚಿಯಲ್ಲಿ ಅವಳಿಗೆ ಜೀವ ಬಂದಂತಾಯಿತು. ಬೆಳಿಗ್ಗೆ ಹೋದರೆ ಯಾರಾದರೂ “ಬಂದ್ರಾ?” ಎನ್ನುತ್ತಿದ್ದರು. ಅಷ್ಟು ಸಾಕಾಗಿತ್ತು. ಮಧ್ಯಾಹ್ನ ಮೆಕ್ಯಾನಿಕ್‌ಗಳು ಬಂದು ಕೈಯ ಗ್ರೀಸು ಒರೆಸಿಕೊಂಡು ಡಬ್ಬಿ ಬಿಚ್ಚಿದರೆ ದೊಡ್ಡಮ್ಮ ಎಲ್ಲರ ಡಬ್ಬಿಗೂ ಕೈಹಾಕಿ ರುಚಿ ನೋಡಿ ತೀರ್ಪು ಕೊಡುತ್ತಿದ್ದಳು. ಮೀಸೆಯವನು ಇವಳಿಗೆ ‘ರೋಬೋ ಅಕ್ಕ’ ಎಂದು ಹೆಸರಿಟ್ಟ. “ರೋಬೋ ಅಕ್ಕ, ನಮ್ಮನೇಲಿ ಹೆಂಡ್ತಿ ಬೈಗುಳ ಕೇಳಿಸ್ಕೊಳ್ಳೋಕೂ ಒಂದು ಮಿಷನ್ ಮಾಡಿಕೊಡಿ. ‘ಹೌದು, ತಪ್ಪಾಯ್ತು’ ಅಂತ ತಾನೇ ಹೇಳ್ತಿರ್ಬೇಕು” ಎನ್ನುತ್ತಿದ್ದ. ಅವಳು ಮನೆಗೆ ಹೋಗಿ ಆ ಮಾತನ್ನು ನೆನೆದು ಒಬ್ಬಳೇ ನಗುತ್ತ ಪಾತ್ರೆ ತೊಳೆಯುತ್ತಿದ್ದಳು.

ಕೆಲಸ ಅಂದುಕೊಂಡದ್ದಕ್ಕಿಂತ ಬೇಗ ಕೈಗೂಡಿತು. ಪರೀಕ್ಷೆಗೆಂದು ಕಚೇರಿಯ ಪಟ್ಟಿಯಲ್ಲಿದ್ದ ಒಂದು ನಂಬರಿಗೆ ಸಂದೇಶ ಕಳಿಸಿ ನೋಡಿದಳು, ಎಲ್ಲ ಸರಿಯಾಗಿತ್ತು. ಇನ್ನು ಚಾಲೂ ಮಾಡಿ, ಹೇಗೆ ನೋಡಿಕೊಳ್ಳಬೇಕೆಂದು ತೋರಿಸಿಕೊಟ್ಟು, ಬ್ಯಾಗು ಎತ್ತಿಕೊಳ್ಳುವುದಷ್ಟೇ ಬಾಕಿ. ಆ ಸಂಜೆ ಅವಳು ಏನೂ ಹೇಳದೆ ಮನೆಗೆ ಹೋದಳು. ಮರುದಿನ ಮಾಲೀಕ ಕೇಳಿದಾಗ “ಸ್ವಲ್ಪ ಬಾಕಿ ಇದೆ” ಎಂದಳು. ಅದರ ಮರುದಿನವೂ ಅದೇ ಮಾತು. ಕೂತು ಪರದೆಯ ಮೇಲಿನ ಗುಂಡಿಗಳ ಬಣ್ಣ ಬದಲಿಸುವಳು, ಮತ್ತೆ ಮೊದಲಿನ ಬಣ್ಣವನ್ನೇ ಹಾಕುವಳು. ಯಾರಾದರೂ ಹಿಂದೆ ಸುಳಿದರೆ ಹುಬ್ಬು ಗಂಟಿಕ್ಕಿ ಏನೋ ಬಿಡಿಸಲಾಗದ್ದನ್ನು ಬಿಡಿಸುತ್ತಿರುವಂತೆ ನಟಿಸುವಳು. ಇದರಿಂದ ಯಾರಿಗೇನು ನಷ್ಟ, ಹೆಚ್ಚಿನ ದುಡ್ಡೇನೂ ಕೇಳುತ್ತಿಲ್ಲವಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಒಂದು ಮಧ್ಯಾಹ್ನ ಕರೆ ಬಂತು. ಲಿಫ್ಟಿನಲ್ಲಿ ಒಬ್ಬ ಹೆಂಗಸು, ಉಬ್ಬಸದ ತೊಂದರೆಯವಳು. ದೊಡ್ಡಮ್ಮ ಫೋನ್ ಹಿಡಿದೇ ಚೀಟಿ ಗೀಚಿ ಕೊಟ್ಟಳು, ಮೀಸೆಯವನು ಓಡಿದ. “ನನ್ನ ಜೊತೆ ಉಸಿರು ಬಿಡಮ್ಮ. ಹಾಂ, ನಿಧಾನ. ಮತ್ತೊಂದ್ಸಲ” ಎನ್ನುತ್ತಲೇ ಇದ್ದಳು ದೊಡ್ಡಮ್ಮ. ಸ್ಪೀಕರಿನಲ್ಲಿ ಆ ಹೆಂಗಸಿನ ಎದೆಯ ಕೀರಲು ಸದ್ದು ಕೋಣೆಗೆಲ್ಲ ಕೇಳುತ್ತಿತ್ತು. ಮೆಕ್ಯಾನಿಕ್ ತಲುಪಿಲ್ಲ, ತಲುಪಿಲ್ಲ. ಆಮೇಲೆ ಅವನ ಫೋನು ಬಂತು: ಅವನು ಹೋದದ್ದು ಬೇರೆ ಬೀದಿಗೆ. ಎರಡು ಬೀದಿಗಳ ಹೆಸರಿಗೂ ಒಂದೇ ಅಕ್ಷರದ ವ್ಯತ್ಯಾಸ.

ಕೊನೆಗೆ ಆ ಹೆಂಗಸನ್ನು ಎತ್ತಿಕೊಂಡೇ ಹೊರತಂದು ಮೆಟ್ಟಿಲ ಮೇಲೆ ಕೂರಿಸಿದರಂತೆ. ಔಷಧಿ ಕೊಟ್ಟ ಮೇಲೆ ಚೇತರಿಸಿಕೊಂಡಳಂತೆ. ಮೀಸೆಯವನು ವಾಪಸು ಬಂದವನೇ ದೊಡ್ಡಮ್ಮನ ಮೇಲೆ ಹರಿಹಾಯ್ದ.

“ಎಲ್ಲಿಗೆ ಕಳಿಸಿದ್ರಿ ನನ್ನ? ಇನ್ನು ಸ್ವಲ್ಪ ತಡ ಆಗಿದ್ರೆ ಗತಿ ಏನು? ಕಣ್ಣು ಕಾಣಲ್ಲ ಅಂದ್ರೆ ಹೇಳ್ಬಿಡಿ!”

ದೊಡ್ಡಮ್ಮ ಅವನ ಕೈಯಿಂದ ಚೀಟಿ ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದು ಓದಿದಳು. ಇವಳು ಪರದೆಯನ್ನೇ ನೋಡುತ್ತ ಕೂತಳು.

ಎಲ್ಲರೂ ಅತ್ತಿತ್ತ ಹೋದ ಮೇಲೆ ದೊಡ್ಡಮ್ಮ ಕುರ್ಚಿ ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತಳು.

“ಇದು ಮುಗಿದಿದೆ, ಅಲ್ವಾ?”

“ಸ್ವಲ್ಪ...”

“ಹೋದ ವಾರ ನನ್ನ ಫೋನಿಗೆ ಒಂದು ಸಂದೇಶ ಬಂತು. ಕಟ್ಟಡ, ಬೀದಿ, ಮೆಕ್ಯಾನಿಕ್ ಹೆಸರು, ಎಲ್ಲ ಸರಿಯಾಗಿತ್ತು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾಯ್ದೆ. ನೀನು ಬಣ್ಣ ಬಳೀತಾ ಕೂತಿದ್ದೆ.” ದೊಡ್ಡಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. “ದುಡ್ಡು ಜಾಸ್ತಿ ಕೇಳೋಕಾ?”

“ಅಲ್ಲ ದೊಡ್ಡಮ್ಮ.”

“ಮತ್ತೆ?”

“ಇದು ಮುಗಿದ್ರೆ ನಾಳೆ ಬೆಳಿಗ್ಗೆ ಎಲ್ಲಿಗೆ ಹೋಗ್ಲಿ?”

ದೊಡ್ಡಮ್ಮ ಅವಳ ಕೈಮೇಲೆ ಕೈಯಿಟ್ಟಳು, ಮತ್ತೆ ತೆಗೆದಳು.

“ಅರ್ಥ ಆಗುತ್ತೆ ಕಣಮ್ಮ. ಆದ್ರೆ ಆ ಹೆಂಗಸಿಗೆ ಅರ್ಥ ಆಗಲ್ಲ. ಆಗಬೇಕಾಗೂ ಇಲ್ಲ. ಈಗಲೇ ಶುರು ಮಾಡು.”

ಅವಳು ಚಾಲೂ ಮಾಡಿದಳು. ಒಂದು ಗುಂಡಿ ಒತ್ತುವಷ್ಟೇ ಕೆಲಸ. ಸಂಜೆ ಮಾಲೀಕನಿಗೂ ಮೀಸೆಯವನಿಗೂ ತಾನೇ ಹೇಳಿದಳು: ಇದು ಮೊದಲೇ ಮುಗಿದಿತ್ತು, ನಾನು ಸುಮ್ಮನೆ ತಡ ಮಾಡಿದೆ, ಇವತ್ತಿನ ತಪ್ಪು ದೊಡ್ಡಮ್ಮನದಲ್ಲ. ಯಾಕೆ ತಡ ಮಾಡಿದೆ ಎಂದು ಮಾತ್ರ ಹೇಳಲಾಗಲಿಲ್ಲ. ಮಾಲೀಕ ಹುಬ್ಬೇರಿಸಿ, “ಏನೋ, ಈಗ ಆಯ್ತಲ್ಲ” ಎಂದು ಫೋನ್ ಎತ್ತಿಕೊಂಡ. ಮೀಸೆಯವನು ಅವಳನ್ನೇ ದಿಟ್ಟಿಸಿದ. ಆಮೇಲೆ ದೊಡ್ಡಮ್ಮನ ಹತ್ತಿರ ಹೋಗಿ ಏನೋ ಮೆಲ್ಲಗೆ ಹೇಳಿದ. ಮರುದಿನ ಅವಳು ಎಲ್ಲವನ್ನೂ ತೋರಿಸಿಕೊಟ್ಟು ಹೊರಟಾಗ ಅವನು ಬಾಗಿಲ ಬಳಿ ಇದ್ದ.

“ಬರ್ತೀನಿ” ಎಂದಳು.

“ಹ್ಞಾಂ, ಸರಿ ಮೇಡಂ” ಎಂದ ಅವನು.

ರೋಬೋ ಅಕ್ಕ ಎನ್ನಲಿಲ್ಲ. ಟೈರ್ ಅಂಗಡಿ ದಾಟಿ ಬಸ್ಸಿನವರೆಗೂ ಅದೊಂದೇ ಮಾತು ಅವಳ ಕಿವಿಯಲ್ಲಿತ್ತು.

ದೊಡ್ಡಮ್ಮ ಒಮ್ಮೆ ಫೋನ್ ಮಾಡಿದಳು. ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ, ಚೀಟಿ ಬರೆದೂ ಬರೆದೂ ನೋಯುತ್ತಿದ್ದ ಬೆರಳಿಗೆ ಆರಾಮ ಎಂದಳು. ಮಾತು ಕುದುರುವಷ್ಟರಲ್ಲಿ ಇನ್ನೊಂದು ಕರೆ ಬಂದು ಇಡಬೇಕಾಯಿತು. ಆಮೇಲೆ ಇವಳೂ ಮಾಡಲಿಲ್ಲ, ಆಕೆಯೂ ಮಾಡಲಿಲ್ಲ.

ಆದರೆ ಮಾಲೀಕ ಅವಳ ಹೆಸರನ್ನು ಬೇರೆಯವರಿಗೆ ಹೇಳಿದ್ದ. ಆಸ್ಪತ್ರೆಗಳ ಬಟ್ಟೆ ಒಗೆಯುವ ಕಾರ್ಖಾನೆಯೊಂದರಿಂದ ಕರೆ ಬಂತು. ಯಾವ ಆಸ್ಪತ್ರೆಯ ಹೊದಿಕೆ ಎಲ್ಲಿ ಹೋಯಿತೆಂದು ದಿನಾ ಜಗಳವಂತೆ.

“ನೀವೇನೂ ಇಲ್ಲಿಗೆ ಬರೋದು ಬೇಡ, ಎಲ್ಲ ಮನೇಲೇ ಮಾಡಿ ಕಳಿಸಿ” ಎಂದ ಮ್ಯಾನೇಜರ್.

“ಬೇಗ ಮುಗಿಸಿಕೊಡ್ತೀನಿ. ಆದ್ರೆ ಅಲ್ಲೇ ಕೂತು ಮಾಡ್ತೀನಿ” ಎಂದಳು. ಅವನು ಕಾರಣ ಕೇಳಿದ. ಈ ಸಲ ಅವಳು ಕಣ್ಣಾರೆ ನೋಡಬೇಕು ಎಂದೆಲ್ಲ ಹೇಳಲಿಲ್ಲ. “ಮನೇಲಿ ಯಾರೂ ಇಲ್ಲ ಸಾರ್. ನನಗೆ ಒಬ್ಬಳೇ ಕೂತು ಆಗಲ್ಲ” ಎಂದಳು. ಆ ಕಡೆಯವನು, “ನಮ್ಮಲ್ಲಿ ಸದ್ದು ಜಾಸ್ತಿ, ನೋಡಿ” ಎಂದ.

ಸದ್ದು ನಿಜವಾಗಿಯೂ ಜಾಸ್ತಿಯೇ. ಒಗೆಯುವ ಯಂತ್ರಗಳು ಗುಡುಗುವಲ್ಲಿ ಪಕ್ಕದವರ ಮಾತೂ ಕೇಳದು. ಅಲ್ಲಿ ಯಾರೂ “ಬಂದ್ರಾ?” ಎನ್ನಲಿಲ್ಲ. ಎಲ್ಲರೂ ಕಿವಿಗೆ ಹತ್ತಿ ತುರುಕಿಕೊಂಡಿದ್ದರು. ಬಟ್ಟೆ ಮಡಿಸುವ ಉದ್ದನೆಯ ಮೇಜಿನ ತುದಿಯಲ್ಲಿ ಅವಳಿಗೆ ಸ್ವಲ್ಪ ಜಾಗ ಬಿಟ್ಟುಕೊಟ್ಟರು. ಬೆಳಗಿನಿಂದ ಒಂದೂ ಮಾತಿಲ್ಲದೆ ಕೆಲಸ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಮಡಿಸುತ್ತಿದ್ದ ಹೆಂಗಸೊಬ್ಬಳು ಅವಳ ಭುಜ ತಟ್ಟಿ, ದೊಡ್ಡ ಹೊದಿಕೆಯೊಂದರ ಆ ತುದಿಯನ್ನು ತೋರಿಸಿ ಹಿಡಿದುಕೋ ಎಂದು ಸನ್ನೆ ಮಾಡಿದಳು. ಅವಳ ಜೊತೆಯವಳು ಆ ದಿನ ಬಂದಿರಲಿಲ್ಲವೇನೋ.

ಇವಳು ಲ್ಯಾಪ್‌ಟಾಪ್ ಪಕ್ಕಕ್ಕಿಟ್ಟು ಎದ್ದು ಹಿಡಿದುಕೊಂಡಳು. ಇಬ್ಬರೂ ಎಳೆದರು, ಮಡಿಸಿದರು, ಹತ್ತಿರ ಬಂದು ತುದಿಗೆ ತುದಿ ಸೇರಿಸಿದರು. ಬಟ್ಟೆ ಇನ್ನೂ ಬೆಚ್ಚಗಿತ್ತು. ಆ ಹೆಂಗಸು ಅದನ್ನು ತಳ್ಳುಗಾಡಿಗೆ ಹಾಕಿ, ಅವಳ ಮುಖವನ್ನೂ ನೋಡದೆ ಇನ್ನೊಂದನ್ನು ಎತ್ತಿಕೊಂಡಳು. ಇವಳು ಮತ್ತೆ ಕೈಚಾಚಿದಳು.