ಬುಧವಾರ ನಾಲ್ಕು ಹತ್ತಕ್ಕೆ ಮಾವನ ನಿರ್ಗಮನ

ಹಲ್ಲಿನ ಡಾಕ್ಟರು ಮಾವನ ಬಾಯಿಂದ ಅಚ್ಚು ತೆಗೆದು, "ಅಳತೆ ಚೆನ್ನಾಗಿ ಬಂದಿದೆ. ಶುಕ್ರವಾರ ಬನ್ನಿ, ಹಲ್ಲಿನ ಸೆಟ್ಟು ರೆಡಿ ಇರುತ್ತೆ" ಎಂದರು.

ಮಾವ ಕರವಸ್ತ್ರದಿಂದ ತುಟಿ ಒರೆಸಿಕೊಂಡರು. "ಶುಕ್ರವಾರ ಆಗಲ್ಲ ಡಾಕ್ಟ್ರೇ. ಬುಧವಾರ ನಾಲ್ಕು ಹತ್ತಕ್ಕೆ ನಾನು ಹೊರಡ್ತೀನಿ."

"ಯಾವೂರಿಗೆ?"

"ಊರಿಗಲ್ಲ. ಸಾಯ್ತೀನಿ. ಎರಡು ದಿನಕ್ಕೋಸ್ಕರ ಮೂವತ್ತೆರಡು ಹಲ್ಲು ಯಾಕೆ ಹೇಳಿ."

ಡಾಕ್ಟರು ಬೆಂಚಿನ ಮೇಲೆ ಕೂತಿದ್ದ ಅಳಿಯನ ಕಡೆ ನೋಡಿದರು. ಅಳಿಯನ ಮೈ ಮಾತ್ರ ಅಲ್ಲಿತ್ತು, ಮನಸ್ಸು ಬೇರೆಲ್ಲೋ. ತೂಕವೇ ಇಲ್ಲದ ಜಾಗದಲ್ಲಿ ಹಲ್ಲು ಕಿತ್ತರೆ ರಕ್ತ ಕೆಳಗೆ ಬೀಳುತ್ತೋ ಗುಂಡಗೆ ತೇಲುತ್ತೋ ಅನ್ನುವುದು ಅವನ ಆ ಹೊತ್ತಿನ ಚಿಂತೆ. ಅವನು ವಿಜ್ಞಾನ ಕಥೆಗಳ ಲೇಖಕ. ಒಂದು ವಾರಪತ್ರಿಕೆಯಲ್ಲಿ ಹನ್ನೊಂದು ವರ್ಷದಿಂದ ಒಂದೇ ಧಾರಾವಾಹಿ ಎಳೆಯುತ್ತಿದ್ದ ಮನುಷ್ಯ. "ಸಾಯ್ತೀನಿ" ಎಂಬ ಮಾತು ಕಿವಿಗೆ ಬಿದ್ದು, ತಲೆಗೆ ತಲುಪಲು ನಾಲ್ಕು ಸೆಕೆಂಡು ಹಿಡಿಯಿತು. ತಲುಪಿದ್ದೇ ತಡ, ಬುಧವಾರ ನಾಲ್ಕು ಹತ್ತು ಎಂಬುದು ಎಲ್ಲಿಂದ ಬಂತೆಂದು ಹೊಳೆದು ಅವನು ಬೆಂಚಿನಿಂದ ಎದ್ದು ನಿಂತ.

ಅದು ಬಂದದ್ದು ಅವನದೇ ಅಡುಗೆಮನೆಯ ಗೋಡೆಯಿಂದ.

ಧಾರಾವಾಹಿ ಶುರುವಾದ ಹೊಸದರಲ್ಲಿ ಓದುಗನೊಬ್ಬ ಕಾಗದ ಬರೆದಿದ್ದ: "ನಿಮ್ಮ ಆಕಾಶನೌಕೆಯಲ್ಲಿ ಒಂದೇ ವಾರಕ್ಕೆ ಎರಡು ಮಂಗಳವಾರ ಬಂದಿವೆ. ಬೆಳಕಿನ ವೇಗ ಆಮೇಲೆ, ಮೊದಲು ವಾರ ಎಣಿಸೋದು ಕಲೀರಿ." ಲೇಖಕನಿಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಮೂರು ದಿನ ಯಾರ ಜೊತೆಗೂ ಮಾತಾಡಲಿಲ್ಲ. ನಾಲ್ಕನೇ ದಿನ ಒಂದು ದೊಡ್ಡ ರಟ್ಟು ತಂದು, ಚೌಕ ಚೌಕ ಗೆರೆ ಎಳೆದು, ಅಡುಗೆಮನೆ ಗೋಡೆಗೆ ಹೊಡೆದ. ಅವನು ಬರೆಯುತ್ತಿದ್ದದ್ದು ಅಡುಗೆಮನೆಯ ಮೇಜಿನ ಮೇಲೇ. ಅಂದಿನಿಂದ ಮನೆಯಲ್ಲಿ ಸೋಮವಾರ ಆದರೆ ನೌಕೆಯಲ್ಲೂ ಸೋಮವಾರ. ಯಾವ ದಿನ, ಎಷ್ಟು ಗಂಟೆಗೆ ನೌಕೆಯಲ್ಲಿ ಏನಾಗಬೇಕೋ ಎಲ್ಲ ಕೆಂಪು ಶಾಯಿಯಲ್ಲಿ ಬರೆದಿಡುತ್ತಿದ್ದ.

ಹೆಂಡತಿ ನೋಡಿದಳು. ಚೌಕಗಳು ಬೇಕಾದಷ್ಟು ಖಾಲಿ ಇವೆ, ಸುಮ್ಮನೆ ಯಾಕೆ ದಂಡ ಎಂದು ತನ್ನದನ್ನೂ ಅದರಲ್ಲೇ ಬರೆಯತೊಡಗಿದಳು. ಹಾಗಾಗಿ ಈ ವಾರದ ಸಾಲು ಹೀಗಿತ್ತು: ಶನಿವಾರ ಬೆಳಗ್ಗೆ ಗ್ಯಾಸ್ ಸಿಲಿಂಡರ್. ಭಾನುವಾರ ಎರಡನೇ ಎಂಜಿನ್ ಸ್ಫೋಟ. ಸೋಮವಾರ ೧೦-೩೦ ಅಪ್ಪನ ಹಲ್ಲಿನ ಅಳತೆ. ಬುಧವಾರ ೪-೧೦ ಮುದುಕನ ಸಾವು.

ಹಲ್ಲಿಗೋಸ್ಕರ ಮಗಳ ಮನೆಗೆ ಬಂದು ತಿಂಗಳಾಗಿದ್ದ ಮಾವ, ದಿನಾ ಟೀ ಕುಡಿಯುತ್ತಾ ಈ ರಟ್ಟನ್ನು ಓದುತ್ತಿದ್ದರು. ಬೇರೆ ಯಾರ ಮಾವನಾದರೂ ಓದಿ ಸುಮ್ಮನಾಗುತ್ತಿದ್ದರು. ಇವರು ಮೂವತ್ತನಾಲ್ಕು ವರ್ಷ ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿ ಕೂತು ಬಂದವರು. ಒಂದು ದಿನ ರೈಲು ಓಡಿಸಿದವರಲ್ಲ, ಒಂದು ಟಿಕೆಟ್ ಹರಿದವರಲ್ಲ. ಯಾವ ರೈಲು ಎಷ್ಟು ಹೊತ್ತಿಗೆ ಎಲ್ಲಿರಬೇಕು ಎಂದು ಹಾಳೆಯ ಮೇಲೆ ಬರೆಯುವುದಷ್ಟೇ ಅವರ ಕೆಲಸ. ರೈಲು ಓಡುವುದು ಆ ಹಾಳೆಯ ಮೇಲೇ, ಹಳಿ ಬರೀ ನೆಪ ಎಂಬುದು ಅವರ ಗಟ್ಟಿ ನಂಬಿಕೆ.

ಇನ್ನೊಂದು ವಿಷಯವೂ ಇತ್ತು. ಧಾರಾವಾಹಿಯಲ್ಲಿ ನೌಕೆಯ ಗಡಿಯಾರ ಕಾಯುವ ಮುದುಕ ಯಾರೆಂದು ಕುರುಡನಿಗೂ ಗೊತ್ತಾಗುತ್ತಿತ್ತು. ಕಿವಿಯ ಮೇಲೆ ಪೆನ್ಸಿಲ್, ಮಾತಿಗೆ ಮುಂಚೆ ಮೇಜಿಗೆ ಮೂರು ಸಲ ಉಗುರು ಕುಟ್ಟುವ ಚಾಳಿ, ಎಲ್ಲವೂ ಮಾವನವೇ. "ಆ ಮುದುಕ ನಮ್ಮ ಮಾವನೇ" ಎಂದು ಲೇಖಕ ಒಂದು ಮದುವೆಮನೆಯಲ್ಲಿ ಇಡೀ ನೆಂಟರಿಷ್ಟರ ಮುಂದೆ ಎದೆ ತಟ್ಟಿ ಹೇಳಿದ್ದ. ಅಂದಿನಿಂದ ಮಾವ ಆ ಪಾತ್ರವನ್ನು ಶ್ರದ್ಧೆಯಿಂದ ನಡೆಸಿಕೊಂಡು ಬಂದಿದ್ದರು. ನೌಕೆಯ ಮುದುಕನಿಗೆ ಮಂಡಿನೋವು ಬಂದಾಗ ಇವರು ಮಂಡಿಗೆ ಪಟ್ಟಿ ತಂದರು. ಅವನು ಸಕ್ಕರೆ ಬಿಟ್ಟಾಗ ಇವರೂ ಬಿಟ್ಟರು. ಹನ್ನೊಂದು ವರ್ಷದಲ್ಲಿ ಒಂದು ಕಂತೂ ಬಿಡದೆ ಓದಿದವರು ಜಗತ್ತಿನಲ್ಲಿ ಇಬ್ಬರೇ. ಒಬ್ಬ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವವನು, ಅದೂ ಸಂಬಳಕ್ಕೆ. ಇನ್ನೊಬ್ಬರು ಮಾವ.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಲೇಖಕ ಕೂಗಾಡಿದ. "ಅದು ಕಥೆ ಮಾವ! ಕಥೆ!"

"ಕಥೆ ಅಂತ ನಂಗೊತ್ತಿಲ್ವಾ? ನಾನೇನು ಪೆದ್ದನಾ?" ಮಾವ ಮೇಜಿಗೆ ಮೂರು ಸಲ ಉಗುರು ಕುಟ್ಟಿದರು. "ಆದ್ರೆ ನೀವು ಹಾಕಿರೋದು ಟೈಮ್‌ಟೇಬಲ್‌ನಲ್ಲಿ. ಶನಿವಾರ ಗ್ಯಾಸ್ ಅಂತಿತ್ತು, ಬಂತು. ಹತ್ತೂವರೆಗೆ ಹಲ್ಲು ಅಂತಿತ್ತು, ಡಾಕ್ಟ್ರು ಹತ್ತೂವರೆಗೇ ಕರೆದ್ರು. ಇನ್ನು ನಂದು ಮಾತ್ರ ಓಡಲ್ಲ ಅಂದ್ರೆ ಆ ಹಾಳೆಗೇನು ಮರ್ಯಾದೆ ಅಳಿಯಂದಿರೇ?"

"ಭಾನುವಾರ ಎಂಜಿನ್ ಸ್ಫೋಟ ಅಂತಿತ್ತು. ಆಯ್ತಾ?"

"ಮಿಕ್ಸಿ ಸುಟ್ಟುಹೋಯ್ತಲ್ಲ."

ಸುಟ್ಟುಹೋಗಿದ್ದು ನಿಜ. ಮಾತಿನಲ್ಲಿ ಸೋತಾಗ ಕೈ ಓಡುವುದು ಲೇಖಕನ ಸ್ವಭಾವ. ಕೆಂಪು ಪೆನ್ನು ತೆಗೆದು ಬುಧವಾರದ ಚೌಕದ ಮೇಲೆ ಅಡ್ಡಗೆರೆ ಎಳೆಯಹೋದ. ಮಾವ ಧಡಕ್ಕನೆ ಎದ್ದು ನಿಂತರು. ಅವರಿಗೆ ಅಷ್ಟು ಸಿಟ್ಟು ಬಂದದ್ದನ್ನು ಮಗಳೂ ನೋಡಿರಲಿಲ್ಲ.

"ಟೈಮ್‌ಟೇಬಲ್ ಮೇಲೆ ಗೀಚ್ತೀರಾ? ಒಂದು ಗಾಡಿ ರದ್ದು ಮಾಡ್ಬೇಕಂದ್ರೆ ತಿದ್ದುಪಡಿ ಚೀಟಿ ಬರ್ಬೇಕು. ನಂಬರ್, ತಾರೀಖು, ಕೆಳಗೆ ಮೇಲಧಿಕಾರಿ ಸಹಿ. ನಿಮ್ಮ ಮೇಲಧಿಕಾರಿ ಯಾರು?"

"ಲೇಖಕನಿಗೆ ಮೇಲಧಿಕಾರಿ ಅಂತ ಯಾರೂ ಇಲ್ಲ!"

ಪಾತ್ರೆ ತೊಳೆಯುತ್ತಿದ್ದ ಹೆಂಡತಿ ತಿರುಗದೆಯೇ ಅಂದಳು, "ಸಂಪಾದಕರು ಫೋನ್ ಮಾಡಿದ್ರೆ ಎದ್ದು ನಿಂತು ಮಾತಾಡ್ತೀರಲ್ರೀ."

ಮಂಗಳವಾರ ಬೆಳಗ್ಗೆ ಲೇಖಕ ಪತ್ರಿಕೆಯ ಕಚೇರಿಗೆ ಹೋದ. ಟೈರ್ ಅಂಗಡಿಯ ಮೇಲಿನ ಮಹಡಿ. ಬರುವ ಲೇಖನಗಳೆಲ್ಲ ಅಲ್ಲಿ ರಬ್ಬರಿನ ವಾಸನೆ ಹಿಡಿಯುತ್ತಿದ್ದವು. ಸಂಪಾದಕರು ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ನೆತ್ತಿಯ ಮೇಲೆ ಇಟ್ಟುಕೊಂಡು ಕರಡು ತಿದ್ದುತ್ತಿದ್ದರು. ವಿಷಯ ಕೇಳಿ ತಲೆ ಎತ್ತಲಿಲ್ಲ. ಒಂದು ಮುಖಪುಟ ಎಳೆದು ಮುಂದೆ ಹಾಕಿದರು. ದಪ್ಪಕ್ಷರದಲ್ಲಿ 'ಈ ವಾರ: ಮುದುಕನ ಅಂತ್ಯ' ಎಂದಿತ್ತು.

"ನೋಡಿ ಸ್ವಾಮಿ, ಮುಖಪುಟ ಅಚ್ಚಾಗಿದೆ. ಮುಖಪುಟ ಅಚ್ಚಾದ ಮೇಲೆ ನಾನೇ ಸತ್ರೂ ಬದಲಾಯ್ಸಲ್ಲ."

"ಕಥೇಲಿ ಸಾಯಿಸ್ತೀನಿ ಸಾರ್. ಈ ಚೀಟಿಗೊಂದು ಸಹಿ ಹಾಕಿ ಸಾಕು. ರದ್ದಾಗಿದೆ ಅಂತ."

"ಸಾಯಿಸೋದೂ ಸಾಯಿಸಿ, ರದ್ದು ಅಂತ ಸಹಿನೂ ಮಾಡ್ಬೇಕಾ? ನಿಮ್ಮ ಮಾವ ಪತ್ರಿಕೆ ಓದಲ್ವೇನ್ರೀ? ಹನ್ನೊಂದು ವರ್ಷದಿಂದ ಪ್ರತಿ ವಾರ ನಂಗೆ ಕಾಗದ ಬರೀತಾರೆ, ಪುಟದ ನಂಬರ್ ತಪ್ಪಿದೆ ಅಂತ. ಅಂಥೋರಿಗೆ ನಾನು ಸುಳ್ಳು ಚೀಟಿ ಕೊಡ್ಲಾ? ಹೋಗಿ, ನಾಳೆ ಸಂಜೆ ಆರಕ್ಕೆ ಕಂತು ನನ್ನ ಮೇಜಿನ ಮೇಲಿರ್ಲಿ."

ಲೇಖಕ ಕುರ್ಚಿ ಒದ್ದು ಎದ್ದುಬಂದ. ಕುರ್ಚಿ ಕಬ್ಬಿಣದ್ದು, ಕಾಲ ಹೆಬ್ಬೆರಳು ಊದಿಕೊಂಡಿತು.

ಬಸ್ಸಿನಲ್ಲಿ ಅವನು ಇನ್ನೂ ಕೆಟ್ಟ ವಿಷಯವೊಂದನ್ನು ಕಂಡುಕೊಂಡ. ಮುದುಕ ಸಾಯುವುದು, ಅವನ ಜೊತೆಗೆ ನೌಕೆಯ ಗಡಿಯಾರ ನಿಲ್ಲುವುದು, ಅಲ್ಲಿಗೆ ಕಾದಂಬರಿ ಮುಗಿಯುವುದು. ಇದು ಹನ್ನೊಂದು ವರ್ಷದಿಂದ ಅವನು ಎದೆಯಲ್ಲಿ ಕಟ್ಟಿಕೊಂಡು ಬಂದ ಮುಕ್ತಾಯ. ಬೇರೆ ಯಾವ ಮುಕ್ತಾಯವೂ ಅವನಲ್ಲಿರಲಿಲ್ಲ. ಈಗ ಕಿಟಕಿಯ ಪಕ್ಕ ಕೂತು ಅವನ ಮನಸ್ಸು ತಾನಾಗಿಯೇ ಬರೆಯುತ್ತಿತ್ತು: ಮುದುಕನ ಉಗುರು ಮೇಜಿಗೆ ಎರಡು ಸಲ ಕುಟ್ಟಿತು, ಮೂರನೆಯದು ಬರಲಿಲ್ಲ. ಆಹಾ ಎಂದುಕೊಂಡ. ಮರುಕ್ಷಣ, ಥೂ ನಿನ್ನ ಎಂದು ತನಗೆ ತಾನೇ ಬೈದುಕೊಂಡ, ಜೋರಾಗಿಯೇ. ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳು.

ಮನೆಯಲ್ಲಿ ಕಪ್ಪುಕುಳಿ ಎಂಬ ಅಡ್ಡಹೆಸರಿನ ಗೆಳೆಯ ಬಂದು ಕೂತಿದ್ದ. ಅವನೂ ವಿಜ್ಞಾನ ಕಥೆ ಬರೆಯುವವನು. ಶನಿವಾರ ಶನಿವಾರ ಟೀ ಅಂಗಡಿಯಲ್ಲಿ ಸೇರಿ ಪರಸ್ಪರರ ಗ್ರಹಗಳನ್ನು ಹಾಳುಗೆಡವುವ ಗೆಳೆಯರ ಪೈಕಿ. ಆಕಾಶದ ಕಪ್ಪುಕುಳಿಯ ಹಾಗೆ, ಹತ್ತಿರ ಹೋದ ಯಾವ ತಿಂಡಿಯೂ ವಾಪಸು ಬರುವುದಿಲ್ಲವಾದ್ದರಿಂದ ಆ ಹೆಸರು. ಬಿಸ್ಕತ್ತಿನ ಡಬ್ಬಿ ಅರ್ಧ ಖಾಲಿಯಾಗಿತ್ತು. ಅವನೂ ಮಾವನೂ ರಟ್ಟಿನ ಮುಂದೆ ತಲೆಗೆ ತಲೆ ತಾಗಿಸಿ ನಿಂತಿದ್ದರು.

"ಲೆಕ್ಕ ಪಕ್ಕಾ ಇದೆ ಕಣಯ್ಯ" ಎಂದ ಕಪ್ಪುಕುಳಿ. "ನಿನ್ನ ನೌಕೆ ಮುದುಕ ಸಾಯೋ ಕಕ್ಷೆಗೆ ಬರೋದು ಸರಿಯಾಗಿ ನಾಲ್ಕು ಹತ್ತಕ್ಕೇ. ಒಂದು ನಿಮಿಷ ಆಚೀಚೆ ಆದ್ರೂ ವೈಜ್ಞಾನಿಕವಾಗಿ ತಪ್ಪು."

ಹನ್ನೊಂದು ವರ್ಷದಲ್ಲಿ ಕಪ್ಪುಕುಳಿ ಅವನ ಒಂದು ಸಾಲನ್ನೂ ಸರಿ ಅಂದಿರಲಿಲ್ಲ. ಲೇಖಕನ ಮುಖ ಅರಳಿಯೇಬಿಟ್ಟಿತು. "ನಿಜವಾಗ್ಲೂ?"

"ಆಣೆಗೂ. ನಾನೇ ಎರಡು ಸಲ ಗುಣಿಸಿ ನೋಡ್ದೆ."

"ಕೇಳಿದ್ರಾ ಅಳಿಯಂದಿರೇ?" ಎಂದರು ಮಾವ, ತೃಪ್ತಿಯಿಂದ. "ತಜ್ಞರೂ ಒಪ್ಪಿದ್ರು."

ಲೇಖಕ ಬಿಸ್ಕತ್ತಿನ ಡಬ್ಬಿ ಕಿತ್ತುಕೊಂಡು ಗೆಳೆಯನನ್ನು ಬಾಗಿಲಾಚೆ ನೂಕಿದ.

ಬುಧವಾರ ಮಧ್ಯಾಹ್ನ ಮಾವ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಅಡುಗೆಮನೆಯಲ್ಲಿ ಗಡಿಯಾರದ ಎದುರು ಕುರ್ಚಿ ಹಾಕಿಕೊಂಡು ಕೂತರು. ಪಕ್ಕದಲ್ಲಿ ಸಣ್ಣ ಪೆಟ್ಟಿಗೆ. ಅದರಲ್ಲಿ ಟವೆಲ್ಲು, ಮಂಡಿಪಟ್ಟಿ, ಒಂದು ಹಳೆಯ ವೇಳಾಪಟ್ಟಿ ಪುಸ್ತಕ.

"ಪೆಟ್ಟಿಗೆ ಯಾಕೆ ಮಾವ?"

"ಅಭ್ಯಾಸ."

ಮೂರೂಮುಕ್ಕಾಲಾಯಿತು. ಲೇಖಕ ಬೇಡಿಕೊಂಡ. ಗದರಿದ. ರಟ್ಟು ಕಿತ್ತು ಎಸೆದ. "ಹಾಳೆ ಎಸೆದ್ರೆ ಗಾಡಿ ನಿಲ್ಲಲ್ಲ" ಎಂದು ಮಾವ ಕಣ್ಣು ಮುಚ್ಚಿಕೊಂಡರು. ನಾಲ್ಕು ಹೊಡೆಯಿತು. ಮಾವನ ಮುಖದ ಬಣ್ಣ ನಿಜಕ್ಕೂ ಇಳಿಯತೊಡಗಿತು. ಲೇಖಕ ಅವರ ಕೈ ಹಿಡಿದ. ತಣ್ಣಗೆ, ಒದ್ದೆ ಬಟ್ಟೆಯ ಹಾಗಿತ್ತು. ನಾಡಿ ಎಲ್ಲೋ ದೂರದ ಸ್ಟೇಷನ್ನಿನಲ್ಲಿ ಹೊಡೆಯುತ್ತಿತ್ತು. ಈ ಮನುಷ್ಯ ಮೂವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಕಚೇರಿಗೆ ತಡವಾಗಿ ಹೋದವರಲ್ಲ. ಇವತ್ತೂ ತಡಮಾಡುವುದಿಲ್ಲ ಎಂದು ಅವನಿಗೆ ಖಾತ್ರಿಯಾಯಿತು.

"ಲೇ, ಬಾರೇ ಇಲ್ಲಿ! ನಿಮ್ಮಪ್ಪ ಹೋಗ್ತಿದಾರೆ ಕಣೇ! ಡಾಕ್ಟ್ರಿಗೆ ಫೋನ್ ಮಾಡೇ!"

ಹೆಂಡತಿ ಒಣಗಿದ ಬಟ್ಟೆ ಮಡಚುತ್ತಿದ್ದವಳು ಬಾಗಿಲಿಗೆ ಬಂದಳು. ಅಪ್ಪನ ಮುಖ ನೋಡಿದಳು. ಅವಳ ಮುಖವೂ ಬಿಳಿಚಿತು. ಗಡಿಯಾರ ನೋಡಿದಳು. ನಾಲ್ಕು ಎಂಟು. ಅವಳು ಹುಟ್ಟಿ ಬೆಳೆದದ್ದು ಸ್ಟೇಷನ್ನಿನ ಹಿಂದಿನ ರೈಲ್ವೆ ಕ್ವಾರ್ಟರ್ಸಿನಲ್ಲಿ. ಕೈಲಿದ್ದ ಟವೆಲ್ಲು ಕೆಳಗೆ ಹಾಕಿ, ಎರಡು ಬೆರಳಲ್ಲಿ ಮೂಗು ಒತ್ತಿ ಹಿಡಿದು, ಧ್ವನಿವರ್ಧಕದ ರಾಗದಲ್ಲಿ ಹೇಳಿದಳು:

"ಪ್ರಯಾಣಿಕರ ಗಮನಕ್ಕೆ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊರಡಬೇಕಾಗಿದ್ದ ಗಾಡಿಯು ಅನಿವಾರ್ಯ ಕಾರಣಗಳಿಂದ ತಡವಾಗಿ ಬರಲಿದೆ. ನಿಮಗೆ ಆಗುತ್ತಿರುವ ತೊಂದರೆಗಾಗಿ ವಿಷಾದಿಸುತ್ತೇವೆ."

ಮಾವ ಒಂದು ಕಣ್ಣು ತೆರೆದರು.

"ಎಷ್ಟು ತಡ?"

"ಮಾಹಿತಿ ಇಲ್ಲ."

"ಎಲ್ಲಿದೆ ಈಗ?"

"ಹಿಂದಿನ ಸ್ಟೇಷನ್ನಿಂದಾನೇ ಬಿಟ್ಟಿಲ್ಲ."

ಮಾವ ಎರಡನೇ ಕಣ್ಣನ್ನೂ ತೆರೆದು ಚ್ ಎಂದರು. "ನಂಗೊತ್ತಿತ್ತು. ಈಗಿನೋರ ಕೆಲಸ ಎಲ್ಲ ಹೀಗೇ. ನಮ್ಮ ಕಾಲದಲ್ಲಾಗಿದ್ರೆ..." ಎನ್ನುವಷ್ಟರಲ್ಲಿ ಅವರ ಕೆನ್ನೆಗೆ ಸಿಟ್ಟಿನ ಕೆಂಪು ಏರಿತು. ನಾಡಿ ದಡದಡ ಓಡಿಬಂತು. ತಡವಾಗುವುದಕ್ಕೆ ತಿದ್ದುಪಡಿ ಚೀಟಿ ಬೇಕಾಗಿರಲಿಲ್ಲ. ಗಾಡಿ ತಡವಾಗುವುದಕ್ಕೆ ಯಾವ ಕಾಲಕ್ಕೂ ಯಾರ ಸಹಿಯೂ ಬೇಕಾಗಿರಲಿಲ್ಲ. "ಸರಿ, ಕಾಯೋಣ. ಅಲ್ಲೀವರೆಗೆ ಒಂದು ಟೀ ಕೊಡು ಮಗಳೇ. ಸಕ್ಕರೆ ಹಾಕೇ ಕೊಡು. ಮತ್ತೆ ಆ ಡಾಕ್ಟ್ರಿಗೆ ಹೇಳು, ಶುಕ್ರವಾರ ಬಂದ್ರೂ ಬರ್ತೀನಿ ಅಂತ."

ಹೆಂಡತಿ ಒಲೆಯ ಕಡೆ ತಿರುಗಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಗಂಡನಿಗೆ ಮೆಲ್ಲಗೆ ಅಂದಳು, "ಏನು ನೋಡ್ತಾ ನಿಂತ್ರಿ? ಆರಕ್ಕೆ ಕಂತು ಕೊಡ್ಬೇಕಲ್ಲ. ಹೇಗೆ ಬರೀಬೇಕು ಅಂತ ಗೊತ್ತಾಯ್ತು ತಾನೇ?"

ಗೊತ್ತಾಗಿತ್ತು. ಗೊತ್ತಾದದ್ದಕ್ಕೇ ಅವನ ಹೊಟ್ಟೆ ಉರಿಯುತ್ತಿತ್ತು. ಹನ್ನೊಂದು ವರ್ಷದ ಮುಕ್ತಾಯವನ್ನು ಹರಿದು ಒಲೆಗೆ ಹಾಕಿದಂತೆ, ಮಾವನ ಎದುರಿನ ಮೇಜಿನಲ್ಲೇ ಕೂತು ಬರೆದ: ಮುದುಕ ಇಸ್ತ್ರಿ ಅಂಗಿ ತೊಟ್ಟು ನೌಕೆಯ ಕೊನೆಯ ಬಾಗಿಲ ಬಳಿ ಬಂದು ನಿಂತ. ಅವನನ್ನು ಕರೆದೊಯ್ಯುವ ಗಾಡಿ ಇನ್ನೂ ಬಂದಿರಲಿಲ್ಲ.

ಮುದುಕನ ಅಂತ್ಯ ಎಂಬ ಮುಖಪುಟದೊಳಗೆ ಅಂತ್ಯವಿಲ್ಲದ ಮುದುಕ ಹೋದ. ಓದುಗರು ಬೈದು ಕಾಗದ ಬರೆದರು. ಸಂಪಾದಕರು ಫೋನ್ ಮಾಡಿ, "ಎಷ್ಟು ವಾರ ನಿಲ್ಲಿಸ್ತೀರಿ ಸ್ವಾಮಿ ಅವನನ್ನ ಆ ಬಾಗಿಲಲ್ಲಿ?" ಎಂದು ಕೂಗಿದರು. ಲೇಖಕ ಕೂತೇ ಮಾತಾಡಿದ. "ಮಾಹಿತಿ ಇಲ್ಲ ಸಾರ್."

ಹೊಸ ಹಲ್ಲು ಬಂತು. ಮಾವ ಈಗ ಕಪ್ಪುಕುಳಿಗೂ ಬಿಸ್ಕತ್ತು ಉಳಿಸುವುದಿಲ್ಲ. ಆದರೆ ಪ್ರತಿ ಬುಧವಾರ ನಾಲ್ಕಕ್ಕೆ ಇಸ್ತ್ರಿ ಅಂಗಿ ತೊಟ್ಟು, ಪೆಟ್ಟಿಗೆ ಪಕ್ಕದಲ್ಲಿಟ್ಟುಕೊಂಡು ಗಡಿಯಾರದ ಎದುರು ಕೂರುತ್ತಾರೆ. ಮಗಳು ಮೂಗು ಹಿಡಿದು ಹೇಳುತ್ತಾಳೆ, ಅವರು ಚ್ ಎಂದು ಟೀ ಕೇಳುತ್ತಾರೆ. ಈ ಹುಚ್ಚಾಟಕ್ಕೆ ನಾನು ಮಾತ್ರ ಸೇರುವವನಲ್ಲ ಎಂದು ಲೇಖಕ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ.

ಹೋದ ಬುಧವಾರ ಹೆಂಡತಿ ಅಕ್ಕನ ಮನೆಗೆ ಹೋದವಳು ಬರುವುದು ತಡವಾಯಿತು. ನಾಲ್ಕು ಏಳಾಯಿತು. ಎಂಟಾಯಿತು. ಮಾವ ಕಣ್ಣು ಮುಚ್ಚಿ ಕೂತಿದ್ದರು. ಲೇಖಕ ಪೆನ್ನು ಕೆಳಗಿಟ್ಟ. ಕಿಟಕಿಯಾಚೆ ಯಾರೂ ಇಲ್ಲವೆಂದು ನೋಡಿಕೊಂಡ. ಎರಡು ಬೆರಳಲ್ಲಿ ಮೂಗು ಒತ್ತಿ ಹಿಡಿದ.

"ಪ್ರಯಾಣಿಕರ ಗಮನಕ್ಕೆ..."

ಪೂರ್ತಿ ಹೇಳಿ ಮುಗಿಸಿದ. ಮಾವ ಕಣ್ಣು ತೆರೆಯಲಿಲ್ಲ. ಲೇಖಕ ಅವರ ನಾಡಿ ಹಿಡಿಯಲು ಕೈ ಚಾಚಿದ.

"ಎರಡು ಸಲ ಹೇಳ್ಬೇಕು ಅಳಿಯಂದಿರೇ" ಎಂದರು ಮಾವ. "ನಿಯಮ ಹಾಗಿದೆ."

ಎರಡನೇ ಸಲ ಅವನು ಇನ್ನೂ ಜೋರಾಗಿ ಹೇಳಿದ.